ಕೇಳದೆ ಕೊಟ್ಟ ಅಭ್ಯರ್ಥಿ: ಮಂಡ್ಯ ಲೋಕಸಭಾ ಕ್ಷೇತ್ರ, 2019

2019ರ ಮೇ 23ರಂದು ಮಂಡ್ಯ ಲೋಕಸಭಾ ಕ್ಷೇತ್ರದ ಮತ ಎಣಿಕೆ ಮುಗಿದಾಗ ಪಕ್ಷೇತರ ಅಭ್ಯರ್ಥಿ ಸುಮಲತಾ ಅಂಬರೀಶ್ ಅವರಿಗೆ 7,03,660 ಮತಗಳೂ ಜೆಡಿಎಸ್–ಕಾಂಗ್ರೆಸ್ ಮೈತ್ರಿಯ ಅಭ್ಯರ್ಥಿ ನಿಖಿಲ್ ಕುಮಾರಸ್ವಾಮಿ ಅವರಿಗೆ 5,77,784 ಮತಗಳೂ ಬಂದಿದ್ದವು. ಅಂತರ 1,25,876. ಸೋತವರು ಆಗ ಮುಖ್ಯಮಂತ್ರಿಯಾಗಿದ್ದವರ ಮಗ, ಮಾಜಿ ಪ್ರಧಾನಿಯವರ ಮೊಮ್ಮಗ. ಕ್ಷೇತ್ರದ ವ್ಯಾಪ್ತಿಯ ಎಂಟೂ ವಿಧಾನಸಭಾ ಸ್ಥಾನಗಳು ಅವರ ಪಕ್ಷದ ಕೈಯಲ್ಲಿದ್ದವು. ಆ ಎಂಟು ಶಾಸಕರಲ್ಲಿ ಮೂವರು ಸಚಿವರಾಗಿದ್ದರು. ಎಚ್.ಡಿ. ಕುಮಾರಸ್ವಾಮಿ ಅವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿ ಅಂದಿಗೆ ಸರಿಯಾಗಿ ಒಂದು ವರ್ಷ ತುಂಬಿತ್ತು.

ಈ ಫಲಿತಾಂಶವನ್ನು ಸಾಮಾನ್ಯವಾಗಿ ಗೆದ್ದವರ ಕಡೆಯಿಂದ ಹೇಳಲಾಗುತ್ತದೆ: ಕೆಲವೇ ತಿಂಗಳ ಹಿಂದೆ ತೀರಿಕೊಂಡಿದ್ದ ನಟ, ಮಾಜಿ ಸಂಸದ ಅಂಬರೀಶ್ ಅವರ ಮೇಲಿನ ಪ್ರೀತಿ, ಅವರ ಪತ್ನಿಯ ಮೇಲಿನ ಅನುಕಂಪ, ಚಿತ್ರನಟರ ಪ್ರಚಾರ. ಇವೆಲ್ಲವೂ ನಿಜವೇ. ಆದರೆ ಇದನ್ನೇ ಸೋತವರ ಕಡೆಯಿಂದ ನೋಡಿದರೆ ಬೇರೊಂದು ಪ್ರಶ್ನೆ ಏಳುತ್ತದೆ. ಅದುವರೆಗೆ ಮಂಡ್ಯದಲ್ಲಿ ಯಾವ ಅಧಿಕಾರವನ್ನೂ ನಡೆಸದ, ಯಾರಿಗೂ ಕೆಡುಕು ಮಾಡದ, ಹಿಂದೆ ಒಂದು ಚುನಾವಣೆಗೂ ನಿಲ್ಲದ ಯುವಕನೊಬ್ಬನ ವಿರುದ್ಧ ಏಳು ಲಕ್ಷ ಜನ ಒಂದೇ ಕಡೆ ಗುಂಡಿ ಒತ್ತಲು ಪ್ರೇರಣೆಯಾದದ್ದಾದರೂ ಏನು? ಈ ಬರಹ ಆ ಒಂದು ಪ್ರಶ್ನೆಯ ಹಿಂದೆ ಹೋಗುತ್ತದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಮಂಡ್ಯದ ಮತದಾರರು ಅಂದು ಮುಖ್ಯವಾಗಿ ವಿರೋಧಿಸಿದ್ದು ಅಭ್ಯರ್ಥಿಯನ್ನು ಆಯ್ದು ಕೊಟ್ಟ ರೀತಿಯನ್ನು. ತಮ್ಮನ್ನು ಕೇಳದೆಯೇ ತಮ್ಮ ಮತವನ್ನು ಲೆಕ್ಕಕ್ಕೆ ಹಿಡಿದುಬಿಟ್ಟರು ಎಂಬ ನೋವು ಉಳಿದೆಲ್ಲ ಕಾರಣಗಳಿಗೂ ದಾರಿಯಾಯಿತು.

ಕ್ಷೇತ್ರ ಮತ್ತು ಹಿನ್ನೆಲೆ

ಮಂಡ್ಯ, ಮದ್ದೂರು, ಮಳವಳ್ಳಿ, ಮೇಲುಕೋಟೆ, ಶ್ರೀರಂಗಪಟ್ಟಣ, ನಾಗಮಂಗಲ, ಕೃಷ್ಣರಾಜಪೇಟೆ, ಇವುಗಳ ಜೊತೆಗೆ ಮೈಸೂರು ಜಿಲ್ಲೆಯ ಕೃಷ್ಣರಾಜನಗರ ಸೇರಿ ಈ ಲೋಕಸಭಾ ಕ್ಷೇತ್ರ. ಕೆಆರ್‌ಎಸ್ ಅಣೆಕಟ್ಟೆಯ ನೀರು, ವಿಶ್ವೇಶ್ವರಯ್ಯ ನಾಲೆ, ಕಬ್ಬು, ಭತ್ತ, ಆಲೆಮನೆ, ಇವು ಇಲ್ಲಿನ ಬದುಕು. ಇಲ್ಲಿ ರಾಜಕೀಯವನ್ನು ದೂರದ ವಿದ್ಯಮಾನ ಎಂದು ಯಾರೂ ತಿಳಿಯುವುದಿಲ್ಲ. ನಾಲೆಗೆ ಯಾವಾಗ ನೀರು ಬಿಡುತ್ತಾರೆ, ಕಾರ್ಖಾನೆ ಕಬ್ಬಿನ ಬಾಕಿ ಯಾವಾಗ ಕೊಡುತ್ತದೆ ಎನ್ನುವುದೆಲ್ಲ ರಾಜಕೀಯವೇ.

ಒಕ್ಕಲಿಗರು ಹೆಚ್ಚಿನ ಸಂಖ್ಯೆಯಲ್ಲಿರುವ ಈ ಪ್ರದೇಶದಲ್ಲಿ ದಶಕಗಳಿಂದ ಎದುರುಬದುರಾಗಿ ನಿಂತವರು ಕಾಂಗ್ರೆಸ್ಸಿನವರು ಮತ್ತು ಜನತಾ ಪರಿವಾರದವರು, ಅಂದರೆ ಊರಿನ ಮಾತಿನಲ್ಲಿ ‘ದಳದೋರು’. 2014ರ ಲೋಕಸಭಾ ಚುನಾವಣೆಯಲ್ಲಿ ಜೆಡಿಎಸ್‌ನ ಸಿ.ಎಸ್. ಪುಟ್ಟರಾಜು 5,24,370 ಮತ ಪಡೆದು ಕಾಂಗ್ರೆಸ್ಸಿನ ರಮ್ಯಾ ಅವರನ್ನು ಬರೀ 5,518 ಮತಗಳಿಂದ ಸೋಲಿಸಿದ್ದರು. ರಮ್ಯಾ ಅವರಿಗೆ ಬಂದದ್ದು 5,18,852. ಒಂದು ಕ್ಷೇತ್ರ ಎಷ್ಟು ಸರಿಯಾಗಿ ಎರಡು ಹೋಳಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆ ಎರಡು ಹೋಳುಗಳ ನಡುವಿನ ಗೆರೆ ಹಾದುಹೋಗುವುದು ಪಕ್ಷದ ಕಚೇರಿಗಳ ನಡುವೆ ಮಾತ್ರವಲ್ಲ. ಒಂದೇ ಊರಿನ ಎರಡು ಬೀದಿಗಳ ನಡುವೆ, ಹಾಲಿನ ಡೇರಿಯ ಚುನಾವಣೆಯಲ್ಲಿ, ಸೊಸೈಟಿಯ ನಿರ್ದೇಶಕರ ಆಯ್ಕೆಯಲ್ಲಿ, ಹಬ್ಬದಲ್ಲಿ ಮೊದಲ ಪೂಜೆ ಯಾರದು ಎಂಬ ಜಗಳದಲ್ಲಿ ಅದೇ ಗೆರೆ ಕಾಣುತ್ತದೆ.

2018ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಜೆಡಿಎಸ್ ಈ ಎಂಟೂ ಕ್ಷೇತ್ರಗಳಲ್ಲಿ ಗೆದ್ದಿತು, ಕಾಂಗ್ರೆಸ್ಸಿಗೆ ಒಂದೂ ಸಿಗಲಿಲ್ಲ. ಜೆಡಿಎಸ್ ತೊರೆದು ಕಾಂಗ್ರೆಸ್ ಸೇರಿದ್ದ ಎನ್. ಚಲುವರಾಯಸ್ವಾಮಿ ನಾಗಮಂಗಲದಲ್ಲಿ, ರಮೇಶ ಬಂಡಿಸಿದ್ದೇಗೌಡ ಶ್ರೀರಂಗಪಟ್ಟಣದಲ್ಲಿ ಸೋಲುಂಡರು. ಗಾಯ ಇನ್ನೂ ಹಸಿಯಾಗಿರುವಾಗಲೇ ಬೆಂಗಳೂರಿನಲ್ಲಿ ಎರಡೂ ಪಕ್ಷಗಳು ಕೈಕುಲುಕಿ ಸರ್ಕಾರ ಮಾಡಿದವು. ಗೆದ್ದವರ ಪಾಲಿಗೆ ಅದು ಅಧಿಕಾರ. ಸೋತ ಕಾರ್ಯಕರ್ತರ ಪಾಲಿಗೆ ತಮ್ಮ ಎದುರಾಳಿಯೇ ಈಗ ತಮ್ಮ ನಾಯಕನೂ ಹೌದು ಎಂಬ ವಿಚಿತ್ರ ಸ್ಥಿತಿ.

ಹಾಗಿದ್ದರೂ ಆ ಮೈತ್ರಿಗೆ ಮಂಡ್ಯದಲ್ಲಿ ಮೊದಲ ಪರೀಕ್ಷೆಯಲ್ಲಿ ಭಾರಿ ಗೆಲುವು ಸಿಕ್ಕಿತು. 2018ರ ನವೆಂಬರ್ 3ರಂದು ನಡೆದ ಲೋಕಸಭಾ ಉಪಚುನಾವಣೆಯಲ್ಲಿ ಜೆಡಿಎಸ್‌ನ ಎಲ್.ಆರ್. ಶಿವರಾಮೇಗೌಡ 5,69,347 ಮತ ಪಡೆದು, 2,44,404 ಮತ ಪಡೆದ ಬಿಜೆಪಿ ಅಭ್ಯರ್ಥಿಯನ್ನು 3,24,943 ಮತಗಳಿಂದ ಸೋಲಿಸಿದರು. ಐದೇ ತಿಂಗಳ ನಂತರದ ಚುನಾವಣೆಗೆ ಅಭ್ಯರ್ಥಿಯನ್ನು ನಿರ್ಧರಿಸುವಾಗ ಮೈತ್ರಿಯ ನಾಯಕರ ಕಣ್ಣಮುಂದೆ ಇದ್ದದ್ದು ಈ ಸಂಖ್ಯೆ. ಅವರನ್ನು ದಾರಿ ತಪ್ಪಿಸಿದ್ದೂ ಇದೇ ಎಂದು ನನಗನ್ನಿಸುತ್ತದೆ.

ಅಂಕಿಗಳು ಹೇಳುವುದು

ಉಪಚುನಾವಣೆಯನ್ನೂ 2019ರ ಏಪ್ರಿಲ್ 18ರ ಮತದಾನವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮೊದಲಿಗೆ ಕಣ್ಣಿಗೆ ಬೀಳುವ ಸಂಗತಿ ಎಂದರೆ, ಜೆಡಿಎಸ್ ಅಭ್ಯರ್ಥಿಯ ಮತಗಳು ಕಡಿಮೆಯಾಗಲಿಲ್ಲ. 5,69,347ರಿಂದ 5,77,784ಕ್ಕೆ, ಅಂದರೆ 8,437ರಷ್ಟು ಹೆಚ್ಚಾದವು. ಎದುರು ಪಾಳಯದ ಮತ 2,44,404ರಿಂದ 7,03,660ಕ್ಕೆ ಏರಿತು. ಅಲ್ಲಿ ಸೇರಿಕೊಂಡದ್ದು 4,59,256. ನವೆಂಬರಿನಲ್ಲಿ ಮತಗಟ್ಟೆಗೆ ಬಾರದೆ ಮನೆಯಲ್ಲಿ ಉಳಿದಿದ್ದ ಲಕ್ಷಾಂತರ ಜನ ಏಪ್ರಿಲಿನಲ್ಲಿ ಬಂದರು. ಮತದಾನದ ಪ್ರಮಾಣ ಶೇ 80ರ ಗಡಿ ಮುಟ್ಟಿತು. ಒಟ್ಟು ಲೆಕ್ಕದಲ್ಲಿ ಹೆಚ್ಚಾದ ಮತ ಬಹುತೇಕ ಒಂದೇ ಕಡೆಗೆ ಹೋಯಿತು.

2014ರ ಲೆಕ್ಕದ ಪಕ್ಕದಲ್ಲಿಟ್ಟರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಅಂದು ಜೆಡಿಎಸ್ ಮತ್ತು ಕಾಂಗ್ರೆಸ್ ಬೇರೆ ಬೇರೆಯಾಗಿ ಪಡೆದ ಮತಗಳನ್ನು ಕೂಡಿದರೆ 10,43,222 ಆಗುತ್ತದೆ. 2019ರಲ್ಲಿ ಎರಡೂ ಸೇರಿ ನಿಲ್ಲಿಸಿದ ಅಭ್ಯರ್ಥಿಗೆ ಸಿಕ್ಕಿದ್ದು ಜೆಡಿಎಸ್ ಒಂದೇ ಅಂದು ಪಡೆದದ್ದಕ್ಕಿಂತ 53,414 ಮಾತ್ರ ಹೆಚ್ಚು. ಕಾಂಗ್ರೆಸ್ಸಿನ ಮತವೆಂಬ ಐದು ಲಕ್ಷದ ಹೊರೆ ಮೈತ್ರಿಯ ಗಾಡಿಗೆ ಏರಲೇ ಇಲ್ಲ ಎಂದು ಇದನ್ನು ಓದಬೇಕಾಗುತ್ತದೆ. ಮತ ಗುಪ್ತವಾದದ್ದರಿಂದ ಯಾರು ಎಲ್ಲಿಗೆ ಹೋದರೆಂದು ಒಬ್ಬೊಬ್ಬರನ್ನೇ ಗುರುತಿಸಲಾಗದು. ಜೆಡಿಎಸ್‌ನ ಮನೆಗಳಿಂದಲೂ ಕೆಲವು ಮತ ಆಚೆಗೆ ಹೋಗಿರಬಹುದು, ಕಾಂಗ್ರೆಸ್ಸಿನ ಮನೆಗಳಿಂದ ಈಚೆಗೂ ಬಂದಿರಬಹುದು. ಆದರೆ ಎರಡು ಪಕ್ಷಗಳ ಮತವನ್ನು ಕೂಡುವ ಲೆಕ್ಕ ಮಂಡ್ಯದಲ್ಲಿ ಕೂಡಲಿಲ್ಲ ಎಂಬುದರಲ್ಲಿ ಸಂಶಯವಿಲ್ಲ.

ಇಲ್ಲಿ ಬಿಜೆಪಿಯ ಪಾತ್ರವನ್ನು ಹೇಳಿ ಮುಂದೆ ಹೋಗುವುದು ಒಳ್ಳೆಯದು. ಆ ಪಕ್ಷ ಅಭ್ಯರ್ಥಿಯನ್ನು ನಿಲ್ಲಿಸದೆ ಸುಮಲತಾ ಅವರಿಗೆ ಬೆಂಬಲ ಕೊಟ್ಟಿತು. ಏಪ್ರಿಲ್ 9ರಂದು ಮೈಸೂರಿನ ಸಭೆಯಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ಸುಮಲತಾ ಅವರ ಪರವಾಗಿ ಮತ ಕೇಳಿದರು. ಅಂದಿನ ರಾಷ್ಟ್ರೀಯ ಅಲೆಯೂ ಚಿಕ್ಕದಾಗಿರಲಿಲ್ಲ. ರಾಜ್ಯದ 28 ಸ್ಥಾನಗಳಲ್ಲಿ 25 ಬಿಜೆಪಿಗೆ ಹೋದವು, ಪಕ್ಕದ ಮೈಸೂರು–ಕೊಡಗಿನಲ್ಲೂ ಮೈತ್ರಿಯ ಅಭ್ಯರ್ಥಿ ಸೋತರು. ಆದರೆ ಬಿಜೆಪಿ ಅಂದಿನವರೆಗೆ ಮಂಡ್ಯ ಲೋಕಸಭಾ ಕ್ಷೇತ್ರದಲ್ಲಿ ಎಂದೂ ಗೆದ್ದಿರಲಿಲ್ಲ. ಅದರ ಮತ ಏಳು ಲಕ್ಷದ ಒಂದು ಭಾಗವನ್ನು ವಿವರಿಸುತ್ತದೆ, ಉಳಿದ ದೊಡ್ಡ ಭಾಗವನ್ನು ವಿವರಿಸುವುದಿಲ್ಲ.

ಕೇಳಲಿಲ್ಲ ಎಂಬ ನೋವು

2018ರ ನವೆಂಬರ್ 24ರಂದು ಅಂಬರೀಶ್ ತೀರಿಕೊಂಡರು. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಮನೆತನದವರು, 1998, 1999, 2004ರಲ್ಲಿ ಮೂರು ಬಾರಿ ಮಂಡ್ಯದ ಸಂಸದರು, ಕಾವೇರಿ ನ್ಯಾಯಮಂಡಳಿಯ ತೀರ್ಪನ್ನು ಪ್ರತಿಭಟಿಸಿ ಕೇಂದ್ರದ ರಾಜ್ಯ ಸಚಿವ ಸ್ಥಾನ ಬಿಟ್ಟವರು. ಅವರ ನಿಧನದ ನಂತರ ಸುಮಲತಾ ಅವರು ಕಾಂಗ್ರೆಸ್ಸಿನ ಟಿಕೆಟ್ ಕೇಳಿದರು. ಮೈತ್ರಿಯ ಸ್ಥಾನ ಹಂಚಿಕೆಯಲ್ಲಿ ಮಂಡ್ಯ ಜೆಡಿಎಸ್ ಪಾಲಿಗೆ ಹೋದ್ದರಿಂದ ಅದು ಸಿಗಲಿಲ್ಲ. ಮಾರ್ಚ್ ಮಧ್ಯದಲ್ಲಿ ನಿಖಿಲ್ ಹೆಸರು ಪ್ರಕಟವಾಯಿತು. ಅದರ ಬೆನ್ನಿಗೇ ಸುಮಲತಾ ಪಕ್ಷೇತರರಾಗಿ ನಿಲ್ಲುವುದಾಗಿ ಘೋಷಿಸಿದರು.

ಕೇವಲ ಅನುಕಂಪದಿಂದ ಈ ಚುನಾವಣೆ ನಡೆಯಿತು ಎನ್ನುವವರಿಗೆ ಒಂದು ಸಂಗತಿಯನ್ನು ನೆನಪಿಸಬೇಕು. 2009ರಲ್ಲಿ ಅಂಬರೀಶ್ ಅವರೇ ಮಂಡ್ಯದಲ್ಲಿ ಸೋತಿದ್ದರು, ಅದೂ ಜೆಡಿಎಸ್‌ನಲ್ಲಿದ್ದ ಚಲುವರಾಯಸ್ವಾಮಿ ಅವರ ಎದುರು. ‘ಮಂಡ್ಯದ ಗಂಡು’ ಎಂದು ಹೊತ್ತು ಮೆರೆಸಿದ ಜನವೇ ಬೇಡವೆನಿಸಿದಾಗ ಅವರನ್ನು ಇಳಿಸಿದ್ದರು. ಪ್ರೀತಿ ಬೇರೆ, ಮತ ಬೇರೆ ಎಂಬ ವಿವೇಕ ಇಲ್ಲಿನ ಮತದಾರರಿಗೆ ಹೊಸದಲ್ಲ. ಹಾಗಾಗಿ ಪ್ರೀತಿಯನ್ನು ಮತವಾಗಿಸಿದ ಇನ್ನೊಂದು ಶಕ್ತಿ ಇದ್ದಿರಲೇಬೇಕು.

ಆ ಬೇಸಿಗೆಯಲ್ಲಿ ಊರುಗಳ ಅರಳಿಕಟ್ಟೆಯಲ್ಲೂ ಆಲೆಮನೆಯ ಕೊಪ್ಪರಿಗೆಯ ಪಕ್ಕದಲ್ಲೂ ನಡೆಯುತ್ತಿದ್ದ ಮಾತಿನ ಧಾಟಿ ಹೆಚ್ಚುಕಡಿಮೆ ಹೀಗಿತ್ತು. ಅಳಿಯ ಕೇಳುತ್ತಾನೆ: ‘ಹುಡ್ಗ ಏನ್ ತಪ್ ಮಾಡವ್ನೆ ಮಾವ? ಅವ್ನ ಮ್ಯಾಲ್ ಯಾಕ್ ಸಿಟ್ಟು?’ ಮಾವ ಹೇಳುತ್ತಾನೆ: ‘ಹುಡ್ಗನ್ ಮ್ಯಾಲ್ ಏನಿಲ್ಲ ಕಣ್ಲಾ. ನಮ್ಮನ್ನ ಒಂದ್ ಮಾತ್ ಕೇಳಿದ್ರಾ? ಎಣ್ಣು ನೋಡಕ್ ಬಂದೋರು ಮನೇರ್ನ ಕೇಳ್ದೆ ತಾಳಿ ತಂದಂಗಾಯ್ತು.’ ‘ದಳುಕ್ಕೇ ಅಲ್ವಾ ನಾವ್ ಯಾವತ್ತೂ ಹಾಕಿರದು?’ ‘ಹಾಕಿವ್ನಿ, ಮುಂದ್ಕೂ ಹಾಕ್ತಿನಿ. ಈ ಸಲ ಇಲ್ಲ.’

ಈ ‘ಈ ಸಲ ಇಲ್ಲ’ ಎಂಬ ಮೂರು ಪದಗಳಲ್ಲಿ ನನ್ನ ವಾದದ ಬಹುಪಾಲು ಇದೆ. ಪಕ್ಷನಿಷ್ಠೆಯನ್ನು ಬಿಡದೆಯೇ ಅಭ್ಯರ್ಥಿಯನ್ನು ನಿರಾಕರಿಸುವ ಮತ ಇದು. ಅಭ್ಯರ್ಥಿಯ ಹಿಂದಿನ ಸಾಧನೆಯನ್ನು ತೂಗಿ ಶಿಕ್ಷಿಸುವ ಮತವೆಂದು ಇದನ್ನು ಕರೆಯಲಾಗದು, ಏಕೆಂದರೆ ತೂಗಲು ನಿಖಿಲ್ ಅವರಿಗೆ ಸಾರ್ವಜನಿಕ ಬದುಕಿನ ದಾಖಲೆಯೇ ಇರಲಿಲ್ಲ. ಅವರಿಗೆ ಇದ್ದದ್ದು ಮನೆತನ ಒಂದೇ. ಅದೇ ಚುನಾವಣೆಯಲ್ಲಿ ಅಜ್ಜ ಎಚ್.ಡಿ. ದೇವೇಗೌಡರು ತುಮಕೂರಿನಲ್ಲಿ, ಇನ್ನೊಬ್ಬ ಮೊಮ್ಮಗ ಪ್ರಜ್ವಲ್ ರೇವಣ್ಣ ಹಾಸನದಲ್ಲಿ ನಿಂತಿದ್ದರು. ಮೂರು ಕ್ಷೇತ್ರ, ಒಂದೇ ಮನೆ. ಮಂಡ್ಯದಲ್ಲಿ ದಶಕಗಳಿಂದ ಪಕ್ಷಕ್ಕಾಗಿ ದುಡಿದ, ಎರಡನೆಯ ಸಾಲಿನಲ್ಲಿ ತಾಳ್ಮೆಯಿಂದ ಕಾದಿದ್ದ ಕಾರ್ಯಕರ್ತನಿಗೆ ಇದರಿಂದ ತಿಳಿದದ್ದು ಒಂದೇ ವಿಷಯ, ಮುಂದಿನ ಸಾಲಿಗೆ ದಾರಿ ಇಲ್ಲ ಎಂಬುದು. ಐದು ತಿಂಗಳ ಹಿಂದೆ ಗೆದ್ದಿದ್ದ ಶಿವರಾಮೇಗೌಡರನ್ನೇ ಬದಿಗೆ ಸರಿಸಿ ಟಿಕೆಟ್ ಕೊಟ್ಟದ್ದು ಆ ತಿಳಿವಳಿಕೆಯನ್ನು ಗಟ್ಟಿ ಮಾಡಿತು.

ಸರ್ಕಾರದ ಕೊಡುಗೆಗಳು ಈ ನೋವನ್ನು ಏಕೆ ಅಳಿಸಲಿಲ್ಲ ಎಂಬುದೂ ವಿಚಾರ ಮಾಡಬೇಕಾದ ಪ್ರಶ್ನೆ. 2018ರ ಜುಲೈ ಬಜೆಟ್ಟಿನಲ್ಲಿ ಕುಮಾರಸ್ವಾಮಿ ಅವರು ಘೋಷಿಸಿದ ಕೃಷಿ ಸಾಲ ಮನ್ನಾದ ಮೊತ್ತ 34,000 ಕೋಟಿ ರೂಪಾಯಿ. ಮುಂದಿನ ಬಜೆಟ್ಟಿನಲ್ಲಿ ಮಂಡ್ಯಕ್ಕೆ ಕೊಟ್ಟ ಪಾಲು ದೊಡ್ಡದೆಂದು ಉಳಿದ ಜಿಲ್ಲೆಗಳವರು ದೂರಿದ್ದೂ ಉಂಟು. ಆದರೆ ಹಳೆ ಮೈಸೂರಿನ ಊರುಗಳಲ್ಲಿ ಮುಯ್ಯಿ ಎಂಬ ಪದ್ಧತಿ ಇದೆ. ಮದುವೆಗೆ ಬಂದು ಕೊಟ್ಟ ಉಡುಗೊರೆಯನ್ನು ಅವರ ಮನೆಯ ಮದುವೆಯಲ್ಲಿ ತೀರಿಸಬೇಕು, ನಾಟಿಗೆ ಬಂದ ಮುಯ್ಯಾಳಿನ ದಿನವನ್ನು ಅವರ ಗದ್ದೆಯಲ್ಲಿ ತೀರಿಸಬೇಕು. ಮುಯ್ಯಿಗೆ ಒಂದು ನಿಯಮವಿದೆ: ಕೊಟ್ಟವನು ಅದನ್ನು ಬಾಯಿಬಿಟ್ಟು ಕೇಳಬಾರದು, ಸಭೆಯಲ್ಲಿ ಆಡಿ ತೋರಿಸಬಾರದು. ಆಡಿದರೆ ಅದು ಮುಯ್ಯಿ ಅನ್ನಿಸಿಕೊಳ್ಳದೆ ಹಂಗು ಆಗುತ್ತದೆ. ಅಂಬರೀಶ್ ಅವರ ಪಾರ್ಥಿವ ಶರೀರವನ್ನು ಬೆಂಗಳೂರಿನಿಂದ ಹೆಲಿಕಾಪ್ಟರಿನಲ್ಲಿ ಮಂಡ್ಯಕ್ಕೆ ತರಿಸಿ ಅಂತಿಮ ದರ್ಶನಕ್ಕೆ ಅವಕಾಶ ಮಾಡಿಕೊಟ್ಟದ್ದು ಕುಮಾರಸ್ವಾಮಿ ಅವರ ಸರ್ಕಾರ. ಮಂಡ್ಯದ ಜನ ಆಗ ಅದನ್ನು ಮನಸಾರೆ ಮೆಚ್ಚಿದ್ದರು. ಅದೇ ವಿಷಯ ಚುನಾವಣೆಯ ಮಾತಾಗಿ ಬಂದಾಗ ಮೆಚ್ಚುಗೆ ಕರಗಿತು. ಒಳ್ಳೆಯ ಕೆಲಸವೊಂದು ಆಡಿದ ಒಡನೆ ಹೇಗೆ ಬೆಲೆ ಕಳೆದುಕೊಳ್ಳುತ್ತದೆ ಎಂಬುದನ್ನು ನೋಡಿ ನನಗೆ ನಿಜವಾಗಿಯೂ ಬೇಸರವಾಗಿತ್ತು.

ಮಾತು ತಂದ ಮತ

ವಿರೋಧದ ಮನಸ್ಸು ಇದ್ದರೂ ಅದು ಮತಗಟ್ಟೆಯವರೆಗೆ ನಡೆದು ಬರಲು ಒಂದು ನೂಕು ಬೇಕಾಗುತ್ತದೆ. ಮಂಡ್ಯದಲ್ಲಿ ಆ ನೂಕನ್ನು ಒದಗಿಸಿದ್ದು ಮೈತ್ರಿಯ ನಾಯಕರ ಮಾತುಗಳೇ.

ಮಾರ್ಚ್ ಮೊದಲ ಭಾಗದಲ್ಲಿ, ಇನ್ನೂ ನಾಮಪತ್ರವೇ ಸಲ್ಲಿಕೆಯಾಗದಿದ್ದಾಗ, ಸಚಿವ ಎಚ್.ಡಿ. ರೇವಣ್ಣ ಅವರು ಪತಿ ತೀರಿಕೊಂಡು ಕೆಲವೇ ತಿಂಗಳಲ್ಲಿ ಸುಮಲತಾ ಅವರಿಗೆ ರಾಜಕೀಯ ಬೇಕಾಯಿತೇ ಎಂಬ ಅರ್ಥದ ಮಾತನ್ನು ಆಡಿದರು. ಅದು ರಾಜ್ಯದಾದ್ಯಂತ ಟೀಕೆಗೆ ಗುರಿಯಾಯಿತು. ಮಂಡ್ಯದ ಊರುಗಳಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸು ಮನೆ, ಗದ್ದೆ, ಸಾಲ ಎಲ್ಲವನ್ನೂ ಹೊತ್ತು ನಡೆಸುವುದು ಪ್ರತಿ ಬೀದಿಯಲ್ಲೂ ಕಾಣುವ ದೃಶ್ಯ. ಯಾವ ತಿಂಗಳಿನಿಂದ ಹೊರಗೆ ಬರಬಹುದು, ಯಾವ ಕೆಲಸ ಮಾಡಬಹುದು ಎಂದು ಅಳೆಯುವ ಕಣ್ಣುಗಳನ್ನು ಅವರೆಲ್ಲರೂ ಎದುರಿಸಿದವರೇ. ಆ ಮಾತು ಒಬ್ಬ ಅಭ್ಯರ್ಥಿಗೆ ಆಡಿದ್ದಾದರೂ ಕೇಳಿಸಿಕೊಂಡವರು ಬಹಳ ಮಂದಿ. ಮುಂದೆ ಸುಮಲತಾ ಅವರು ಸಭೆಗಳಲ್ಲಿ ಸೆರಗೊಡ್ಡಿ ಮತ ಕೇಳಿದಾಗ ಹೆಂಗಸರ ಕಣ್ಣು ತೇವವಾದದ್ದರ ಹಿಂದೆ ಅಂಬರೀಶ್ ನೆನಪಿನಷ್ಟೇ ಈ ಅವಮಾನದ ನೆನಪೂ ಇತ್ತು ಎಂದು ನಾನು ಭಾವಿಸುತ್ತೇನೆ.

ಎರಡನೆಯ ಮಾತು ಜಾತಿಯದು. ಸುಮಲತಾ ಹುಟ್ಟಿನಿಂದ ಒಕ್ಕಲಿಗರಲ್ಲ, ತೆಲುಗು ಮೂಲದವರು ಎಂಬುದನ್ನು ಜೆಡಿಎಸ್‌ನ ಮುಖಂಡರು ಬಹಿರಂಗವಾಗಿ ಎತ್ತಿದರು. ಒಕ್ಕಲಿಗರ ಮತವನ್ನು ಒಗ್ಗೂಡಿಸಲು ಹೂಡಿದ ಬಾಣ ಇದು. ಆದರೆ ಆ ಸಮುದಾಯದ ಮನೆಗಳಲ್ಲಿ ಮದುವೆಯಾಗಿ ಬಂದ ಹೆಣ್ಣು ಆ ಮನೆಯವಳು. ಅವಳ ಹುಟ್ಟನ್ನು ಎತ್ತಿ ಆಡುವುದು ಅವಳ ಗಂಡನ ಮನೆಗೆ ಮಾಡುವ ಅಪಮಾನ. ಸುಮಲತಾ ಅವರು ತಮ್ಮನ್ನು ‘ಮಂಡ್ಯದ ಸೊಸೆ’ ಎಂದು ಕರೆದುಕೊಂಡಾಗ ಚರ್ಚೆ ಜಾತಿಯಿಂದ ನೆಂಟಸ್ತಿಕೆಗೆ ತಿರುಗಿತು. ಮಂಡ್ಯದಲ್ಲಿ ನೆಂಟಸ್ತಿಕೆಯ ಎದುರು ವಾದ ಹೂಡಿ ಗೆದ್ದವರು ಕಡಿಮೆ.

ಇಲ್ಲಿ ಒಂದು ಸಂಗತಿಗೆ ಒತ್ತು ಕೊಡಬೇಕೆನಿಸುತ್ತದೆ. ಹೋಳಾಗಿರುವ ಸಮಾಜದಲ್ಲಿ ತನ್ನ ಪಕ್ಷದ, ತನ್ನ ಸಮುದಾಯದ ಅಭ್ಯರ್ಥಿಯನ್ನು ವಿರೋಧಿಸುವವನಿಗೆ ದೊಡ್ಡ ಅಡ್ಡಿ ದ್ರೋಹದ ಭಾವ. ‘ನಮ್ಮವನನ್ನು ಬಿಟ್ಟು ಅವರಿಗೆ ಹಾಕಿದೆಯಾ?’ ಎಂಬ ಪ್ರಶ್ನೆಗೆ ಹೆದರಿ ಎಷ್ಟೋ ಸಿಟ್ಟು ಮನಸ್ಸಿನಲ್ಲೇ ಆರಿಹೋಗುತ್ತದೆ. ಎದುರಿಗೆ ನಿಂತವರು ಕಾಂಗ್ರೆಸ್ಸಿನ ಕೈ ಅಥವಾ ಬಿಜೆಪಿಯ ಕಮಲ ಹಿಡಿದಿದ್ದರೆ ದಳದ ಮನೆಗಳ ಸಿಟ್ಟು ಹಾಗೆಯೇ ಆರುತ್ತಿತ್ತೇನೋ. ಇಲ್ಲಿ ಎದುರಿಗಿದ್ದವರು ಯಾವ ಪಕ್ಷದವರೂ ಅಲ್ಲ, ಊರಿನ ಸೊಸೆ. ಅವರಿಗೆ ಮತ ಹಾಕಿದವನು ದಳವನ್ನು ಬಿಟ್ಟಂತಾಗಲಿಲ್ಲ, ಕಾಂಗ್ರೆಸ್ಸಿಗೆ ಹೋದಂತಾಗಲಿಲ್ಲ, ಬಿಜೆಪಿಗೆ ಸೇರಿದಂತೆಯೂ ಆಗಲಿಲ್ಲ. ಆ ಕಡೆ ಕಾಂಗ್ರೆಸ್ಸಿನವನಿಗೂ ಇದೇ ಅನುಕೂಲ: ತನ್ನ ಪಕ್ಷದ ಮುಖಂಡನಾಗಿದ್ದವರ ಪತ್ನಿಗೆ ಹಾಕಿದ ಮತ ತನ್ನ ಪಕ್ಷಕ್ಕೇ ಹಾಕಿದಂತೆ. 2018ರಲ್ಲಿ ಮೇಲುಕೋಟೆಯಲ್ಲಿ ಜೆಡಿಎಸ್ ಎದುರು ಸೋತಿದ್ದ ರೈತ ಸಂಘದವರೂ ಬಂದು ಸೇರಿದರು. ಬೇರೆ ಬೇರೆ ಸಿಟ್ಟುಗಳು ಒಬ್ಬರನ್ನೊಬ್ಬರು ಒಪ್ಪಿಕೊಳ್ಳದೆಯೇ ಒಂದೇ ಗುರುತಿನ ಕೆಳಗೆ ನಿಲ್ಲಲು ಸಾಧ್ಯವಾಯಿತು. ಪ್ರಚಾರದಲ್ಲಿ ಮತ್ತೆ ಮತ್ತೆ ಬಂದ ‘ಸ್ವಾಭಿಮಾನ’ ಎಂಬ ಪದ ಈ ಎಲ್ಲರಿಗೂ ಹಿಡಿಸುವಷ್ಟು ಅಗಲವಾಗಿತ್ತು.

ಮೂರನೆಯದು ಎತ್ತುಗಳ ಮಾತು. ನಟರಾದ ಯಶ್ ಮತ್ತು ದರ್ಶನ್ ಸುಮಲತಾ ಅವರ ಪರ ಪ್ರಚಾರಕ್ಕೆ ಇಳಿದು ‘ಜೋಡೆತ್ತು’ ಎನಿಸಿಕೊಂಡರು. ಅವರನ್ನು ರಾತ್ರಿ ಹೊತ್ತು ಬೇರೆಯವರ ಹೊಲ ಮೇಯುವ ಕಳ್ಳೆತ್ತುಗಳಿಗೆ ಹೋಲಿಸಿದ ಮಾತು ಎದುರು ಕಡೆಯಿಂದ ಬಂತು. ರೈತರ ಊರಿನಲ್ಲಿ ಈ ಹೋಲಿಕೆಯ ತೂಕವೇ ಬೇರೆ. ಇದರ ಬಗ್ಗೆ ಹೆಚ್ಚು ಬರೆಯುವ ಅಗತ್ಯ ಕಾಣುವುದಿಲ್ಲ. ಚಿತ್ರನಟರು ಜನ ಸೇರಿಸಿದರು, ಸೇರಿದ ಜನರಿಗೆ ಮನಸ್ಸು ಮೊದಲೇ ಇತ್ತು.

ಕಾಂಗ್ರೆಸ್ಸಿನ ಒಳಏಟು

ಸೋತ ನಂತರ ಜೆಡಿಎಸ್ ವಲಯದಲ್ಲಿ ಹೆಚ್ಚು ಕೇಳಿಬಂದ ಪದ ‘ಒಳಏಟು’. ಮಂಡ್ಯದ ಕಾಂಗ್ರೆಸ್ ಮುಖಂಡರಲ್ಲಿ ಹಲವರು ನಿಖಿಲ್ ಪರ ಪ್ರಚಾರದಿಂದ ದೂರ ಉಳಿದರು ಎಂಬುದು ಬಹಿರಂಗ ಸಂಗತಿ. ಏಪ್ರಿಲ್ 13ರಂದು ರಾಹುಲ್ ಗಾಂಧಿ ಅವರು ಕೃಷ್ಣರಾಜನಗರಕ್ಕೆ ಬಂದು ದೇವೇಗೌಡರ ಜೊತೆ ವೇದಿಕೆ ಹಂಚಿಕೊಂಡರು. ಆ ವೇದಿಕೆಯ ಒಗ್ಗಟ್ಟು ಕೆಳಗಿನ ಊರುಗಳಿಗೆ ಇಳಿಯಲಿಲ್ಲ.

ಆದರೆ ಇದನ್ನು ನಾಯಕರ ಪಿತೂರಿ ಎಂದಷ್ಟೇ ನೋಡುವುದು ಕಾರ್ಯಕರ್ತನಿಗೆ ಮಾಡುವ ಅನ್ಯಾಯ. ಒಂದು ವರ್ಷದ ಹಿಂದೆ ಅದೇ ಊರಿನಲ್ಲಿ ಜೆಡಿಎಸ್ ವಿರುದ್ಧ ಧ್ವಜ ಹಿಡಿದು, ಠಾಣೆಗೆ ಅಲೆದು, ಗೆದ್ದವರ ಬೀದಿಯಲ್ಲಿ ತಲೆತಗ್ಗಿಸಿ ನಡೆದವನಿಗೆ ಈಗ ಅದೇ ‘ತೆನೆ ಹೊತ್ತ ಮಹಿಳೆ’ಯ ಕರಪತ್ರವನ್ನು ಮನೆಮನೆಗೆ ಹಂಚು ಎಂದು ಹೇಳಲಾಯಿತು. ಮೈತ್ರಿ ಸರ್ಕಾರದ ಒಂದು ವರ್ಷದಲ್ಲಿ ಅವನಿಗೆ ಸಿಕ್ಕಿದ್ದೇನು? ಎಂಟೂ ಕಡೆ ಶಾಸಕರು ಜೆಡಿಎಸ್‌ನವರಾದ್ದರಿಂದ ಬಗರ್ ಹುಕುಂ ಅರ್ಜಿಯಿಂದ ಹಿಡಿದು ಊರಿನ ರಸ್ತೆಯ ಕಾಮಗಾರಿಯವರೆಗೆ ಎಲ್ಲವೂ ಎದುರು ಬೀದಿಯವನ ಮಾತಿನಂತೆ ನಡೆಯಿತು. ಅಧಿಕಾರದ ಹೆಸರಿನಲ್ಲಿ ಪಾಲಿದೆ, ಅನುಭವದಲ್ಲಿ ಪಾಲಿಲ್ಲ. ಅವನ ಮತ ನಿಖಿಲ್ ಅವರಿಗೆ ಬೀಳದಿದ್ದರೆ ಅದಕ್ಕೆ ಮೇಲಿನವರ ಸೂಚನೆ ಬೇಕಾಗಿಯೇ ಇರಲಿಲ್ಲ.

ಲೋಕಸಭಾ ಚುನಾವಣೆಯ ಸ್ವರೂಪವೂ ಈ ವಿರೋಧಕ್ಕೆ ನೆರವಾಯಿತು. ಸಂಸದರು ಸೋತರೆ ರಾಜ್ಯದ ಸರ್ಕಾರ ಬೀಳುವುದಿಲ್ಲ, ಶಾಸಕರು ತಮ್ಮ ಸ್ಥಾನದಲ್ಲೇ ಇರುತ್ತಾರೆ, ಟ್ರಾನ್ಸ್‌ಫಾರ್ಮರ್ ಕೆಟ್ಟರೆ ಅವರ ಬಳಿಗೇ ಹೋಗಬಹುದು. ನೂರಾರು ಮನೆಗಳು ಹಗಲಿನಲ್ಲಿ ಶಾಸಕರ ಜೊತೆ ಪ್ರಚಾರಕ್ಕೆ ನಡೆದು ಮತಗಟ್ಟೆಯಲ್ಲಿ ಬೇರೆ ಗುಂಡಿ ಒತ್ತಿದ್ದು ಹೀಗೆಯೇ. ಅಧಿಕಾರದಲ್ಲಿರುವವರಿಗೆ ಬೇಡವೆಂದು ಹೇಳಬೇಕು, ಆದರೆ ಅದರ ದಂಡವನ್ನು ಊರು ತೆರಬಾರದು ಎಂದುಕೊಂಡವರಿಗೆ ಇದಕ್ಕಿಂತ ಅನುಕೂಲದ ಚುನಾವಣೆ ಬೇರೆ ಇರಲಿಲ್ಲ.

ವಿರೋಧ ಎಷ್ಟು ಗಟ್ಟಿಯಾಗಿತ್ತು

ಯಾರೂ ಬೇಡ ಎನ್ನುವವರಿಗೆ ನೋಟಾ ಇದೆ. ಸುಪ್ರೀಂ ಕೋರ್ಟಿನ 2013ರ ತೀರ್ಪಿನ ನಂತರ ಮತಯಂತ್ರಕ್ಕೆ ಬಂದ ಆ ಗುಂಡಿ ಅಸಮಾಧಾನವನ್ನು ದಾಖಲಿಸುತ್ತದೆ, ಆದರೆ ಯಾರನ್ನೂ ಸೋಲಿಸುವುದಿಲ್ಲ. ಅತಿ ಹೆಚ್ಚು ಮತ ಪಡೆದವರು ಗೆಲ್ಲುವ ನಮ್ಮ ಪದ್ಧತಿಯಲ್ಲಿ ಒಬ್ಬರನ್ನು ಸೋಲಿಸಬೇಕೆಂದರೆ ಗೆಲ್ಲಬಲ್ಲ ಇನ್ನೊಬ್ಬರ ಹಿಂದೆ ಎಲ್ಲರೂ ಒಟ್ಟಾಗಲೇಬೇಕು. ಮಂಡ್ಯದ ಮತದಾರ ಇದನ್ನು ಯಾವ ಪಾಠವೂ ಇಲ್ಲದೆ ಅರಿತಿದ್ದ. ಆದರೆ ಹಾಗೆ ಒಟ್ಟಾಗುವುದು ಈ ಚುನಾವಣೆಯಲ್ಲಿ ಸುಲಭವಾಗಿರಲಿಲ್ಲ. ಕಣದಲ್ಲಿ 22 ಅಭ್ಯರ್ಥಿಗಳಿದ್ದರು; ನೋಟಾ ಸೇರಿ 16 ಹೆಸರುಗಳಿಗಷ್ಟೇ ಜಾಗವಿರುವ ಯಂತ್ರ ಸಾಲದೆ ಪ್ರತಿ ಮತಗಟ್ಟೆಯಲ್ಲಿ ಎರಡು ಯಂತ್ರಗಳನ್ನು ಇಡಬೇಕಾಯಿತು. ಮಾನ್ಯತೆ ಪಡೆದ ಪಕ್ಷಗಳವರ ಹೆಸರು ಮೇಲೆ, ಪಕ್ಷೇತರರ ಹೆಸರು ಕೊನೆಯಲ್ಲಿ ಬರುವುದು ನಿಯಮ. ಸಾಲದ್ದಕ್ಕೆ ಸುಮಲತಾ ಎಂಬ ಹೆಸರಿನ ಇನ್ನೂ ಮೂವರು ಮಹಿಳೆಯರು ಕಣದಲ್ಲಿದ್ದರು.

ಓದು ಬಾರದ ಅಜ್ಜಿಯೊಬ್ಬರು ದಶಕಗಳಿಂದ ಕಂಡ ತೆನೆಯ ಗುರುತನ್ನು ಬಿಟ್ಟು, ಮೂರು ವಾರಗಳ ಹಿಂದೆ ಕೇಳಿದ ಕಹಳೆಯ ಗುರುತನ್ನು ಎರಡನೆಯ ಯಂತ್ರದಲ್ಲಿ, ಅದೇ ಹೆಸರಿನ ಹಲವರ ನಡುವೆ ಹುಡುಕಿ ಒತ್ತಬೇಕಿತ್ತು. ಇಂಥ ಶ್ರಮವನ್ನು ಏಳು ಲಕ್ಷ ಜನ ಪಟ್ಟರು. ಮತದಾರನ ಪ್ರೇರಣೆಯ ಬಲವನ್ನು ಅಳೆಯಲು ನನಗೆ ಕಾಣುವ ಅತ್ಯಂತ ಪ್ರಾಮಾಣಿಕ ಅಳತೆಗೋಲು ಇದು. ಯಾವ ಸಮೀಕ್ಷೆಯ ಉತ್ತರಕ್ಕಿಂತಲೂ ಆ ಹುಡುಕಾಟವನ್ನೇ ನಾನು ಹೆಚ್ಚು ನಂಬುತ್ತೇನೆ. ಒಂದೇ ಹೆಸರಿನವರನ್ನು ಕಣಕ್ಕೆ ಇಳಿಸಿ ಮತದಾರನನ್ನು ತಬ್ಬಿಬ್ಬು ಮಾಡಬಹುದೆಂಬ ಹಳೆಯ ನಂಬಿಕೆ ಇಲ್ಲಿ ತಿರುಗಿ ಹೊಡೆಯಿತು. ‘ನಿಮಗೆ ಗುರುತು ಹಿಡಿಯಲು ಬಾರದು’ ಎಂದು ಯಾರೋ ತಮ್ಮ ಬಗ್ಗೆ ಎಣಿಸಿದ್ದಾರೆ ಎಂಬುದೇ ಊರೂರಲ್ಲಿ ಗುರುತಿನ ಪಾಠ ನಡೆಯಲು ಕಾರಣವಾಯಿತು. ಕರ್ನಾಟಕದಿಂದ ಪಕ್ಷೇತರರೊಬ್ಬರು ಲೋಕಸಭೆಗೆ ಹೋದದ್ದು 1967ರಲ್ಲಿ ಕೆನರಾ ಕ್ಷೇತ್ರದಿಂದ ಕವಿ ದಿನಕರ ದೇಸಾಯಿ ಗೆದ್ದ 52 ವರ್ಷಗಳ ನಂತರ ಎಂಬುದನ್ನು ನೆನೆದರೆ ಆ ದಾರಿ ಎಷ್ಟು ಕಡಿದಾಗಿತ್ತು ಎಂಬುದು ತಿಳಿಯುತ್ತದೆ.

ಐದು ವರ್ಷದ ನಂತರ

ಈ ಪ್ರಕರಣವನ್ನು 2019ರಲ್ಲೇ ನಿಲ್ಲಿಸಿದ್ದರೆ ಮಂಡ್ಯ ಒಂದು ಮನೆತನವನ್ನು ತಿರಸ್ಕರಿಸಿತು ಎಂದು ಬರೆದು ಮುಗಿಸಬಹುದಿತ್ತು. ಹಲವರು ಹಾಗೆಯೇ ಬರೆದರು. ಆದರೆ 2024ರ ಚುನಾವಣೆಯಲ್ಲಿ ಅದೇ ಕ್ಷೇತ್ರದಿಂದ ನಿಖಿಲ್ ಅವರ ತಂದೆ ಕುಮಾರಸ್ವಾಮಿ, ಈ ಬಾರಿ ಬಿಜೆಪಿಯ ಜೊತೆಗಿನ ಮೈತ್ರಿಯ ಅಭ್ಯರ್ಥಿಯಾಗಿ, 8,51,881 ಮತ ಪಡೆದು ಕಾಂಗ್ರೆಸ್ಸಿನ ಅಭ್ಯರ್ಥಿಯನ್ನು 2,84,620 ಮತಗಳಿಂದ ಸೋಲಿಸಿದರು. ಅದೇ ಮನೆತನ, ಅದೇ ಗುರುತು, 2019ರ ಸೋಲಿನ ಎರಡು ಪಟ್ಟಿಗಿಂತಲೂ ದೊಡ್ಡ ಗೆಲುವು. ಅದಕ್ಕೂ ಹಿಂದಿನ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಮಂಡ್ಯ ಜಿಲ್ಲೆಯ ಏಳು ಕ್ಷೇತ್ರಗಳ ಪೈಕಿ ಜೆಡಿಎಸ್‌ಗೆ ಉಳಿದದ್ದು ಕೃಷ್ಣರಾಜಪೇಟೆ ಒಂದೇ ಆಗಿತ್ತು ಎಂಬುದನ್ನೂ ಇಲ್ಲಿ ಸೇರಿಸಿಕೊಂಡು ಓದಬೇಕು. 2019ರ ವಿರೋಧ ಮನೆತನದ ಮೇಲಿನ ಹಗೆಯೇ ಆಗಿದ್ದರೆ ಈ ತಿರುವು ಸಾಧ್ಯವಾಗುತ್ತಿರಲಿಲ್ಲ. ‘ಈ ಸಲ ಇಲ್ಲ’ ಎಂದವರು ಆ ಸಲವನ್ನಷ್ಟೇ ಹೇಳಿದ್ದರು.

2024ರಲ್ಲಿ ಬದಲಾದದ್ದು ಬಹಳ. ಸಮ್ಮಿಶ್ರ ಸರ್ಕಾರ 2019ರ ಜುಲೈಯಲ್ಲಿಯೇ ಬಿದ್ದುಹೋಗಿತ್ತು, ಮೈತ್ರಿಯ ಪಾಲುದಾರರು ಬದಲಾಗಿದ್ದರು, ಅಭ್ಯರ್ಥಿ ಅಪರಿಚಿತರಾಗಿರಲಿಲ್ಲ. ಇವುಗಳ ನಡುವೆ ನನ್ನ ಗಮನ ಸೆಳೆದದ್ದು ಚಿಕ್ಕದೊಂದು ಘಟನೆ. ಮಂಡ್ಯದ ಟಿಕೆಟ್ ಜೆಡಿಎಸ್‌ಗೆ ನಿಗದಿಯಾದ ಮೇಲೆ, ಮಾರ್ಚ್ ಕೊನೆಯಲ್ಲಿ, ಕುಮಾರಸ್ವಾಮಿ ಅವರು ಬೆಂಗಳೂರಿನ ಸುಮಲತಾ ಅವರ ಮನೆಗೆ ತಾವೇ ಹೋಗಿ ಬೆಂಬಲ ಕೇಳಿದರು. ಏಪ್ರಿಲ್ 3ರಂದು ಸುಮಲತಾ ಅವರು ಮಂಡ್ಯದಲ್ಲಿ ತಮ್ಮ ಬೆಂಬಲಿಗರನ್ನು ಸೇರಿಸಿ, ತಾವು ಈ ಬಾರಿ ಸ್ಪರ್ಧಿಸುವುದಿಲ್ಲವೆಂದು ತಿಳಿಸಿದರು.